ಮಷಿನ್ ಕುಣಿದರೆ ಮೊದಲು ಕಾಲು ನೋಡು

ಅಳಿಯಾ, ಈ ಸಲ ರಜೆಗೆ ಊರಿಗೆ ಬಂದವನು ಕಾಪು ಬೀಚಿಗೆ ಹೊರಡುವ ಮೊದಲು ಒಂದು ಕೆಲಸ ಮಾಡು. ನಿನ್ನ ಅಮ್ಮ, ಅಂದರೆ ನನ್ನ ಅಕ್ಕ, ವಾಷಿಂಗ್ ಮಷಿನ್‌ಗೆ ಬಟ್ಟೆ ಹಾಕುವ ಹೊತ್ತಿಗೆ ಹಿಂಬದಿ ಜಗಲಿಯಲ್ಲಿ ಒಂದು ಕುರ್ಚಿ ಹಾಕಿ ಕೂತುಕೋ. ಮೊಬೈಲು ಒಳಗಿರಲಿ. ನೀರು ತುಂಬುವಲ್ಲಿಂದ ಹಿಡಿದು ಕೊನೆಯ ಸ್ಪಿನ್ ನಿಲ್ಲುವವರೆಗೆ ನೋಡು, ಕೇಳು. ನೀನೇ ದುಡ್ಡು ಕಳಿಸಿ ಕೊಡಿಸಿದ ಮಷಿನ್ ಅದು. ಅದು ಸ್ಪಿನ್‌ಗೆ ಏರುತ್ತಿದ್ದಂತೆ ಅಕ್ಕ ಓಡಿ ಬಂದು ಎರಡೂ ಕೈಯಲ್ಲಿ ಅದನ್ನು ಒತ್ತಿ ಹಿಡಿದು ನಿಲ್ಲುತ್ತಾಳೆ. ಎಪ್ಪತ್ತು ದಾಟಿದ ಹೆಂಗಸು, ಕೆಳಗೆ ಒದ್ದೆ ನೆಲ, ಕೈಯಲ್ಲಿ ಕರೆಂಟಿನ ಸಾಮಾನು. ನನಗೆ ಸಮಾಧಾನವಿಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಇದು ನಿಮ್ಮ ಮನೆ ಒಂದರದ್ದೇ ಅಲ್ಲ. ಶಿರ್ವ, ಬಂಟಕಲ್ಲು, ಬೆಳ್ಮಣ್, ಕಟಪಾಡಿ, ಎಲ್ಲಿ ಹೋದರೂ ಇಂಥ ಮನೆಗಳುಂಟು. ಮಕ್ಕಳು ಮುಂಬಯಿ, ಬೆಂಗಳೂರು, ದುಬೈ, ಮಸ್ಕತ್ತಿನಲ್ಲಿ. ಮನೆಯಲ್ಲಿ ವಯಸ್ಸಾದ ಇಬ್ಬರು, ಕೆಲವು ಕಡೆ ಒಬ್ಬರೇ. ಉಡುಪಿಯ ಅಂಗಡಿಗೆ ಫೋನು ಮಾಡಿ ಮಕ್ಕಳು ಮಷಿನ್ ಕಳಿಸುತ್ತಾರೆ. ತಂದವರು ಜಗಲಿಯಲ್ಲಿಟ್ಟು, ಪೈಪು ಸಿಕ್ಕಿಸಿ, ಸಹಿ ಹಾಕಿಸಿಕೊಂಡು ಹೋಗುತ್ತಾರೆ. ಆಮೇಲೆ ಅದು ಕುಣಿದರೂ, ಗುಡುಗಿದರೂ ಮುದುಕರು ಮಕ್ಕಳಿಗೆ ಹೇಳುವುದಿಲ್ಲ. 'ಪಾಪ, ಅಲ್ಲಿಂದ ಅವನೇನು ಮಾಡಿಯಾನು' ಎಂದು ಸುಮ್ಮನಾಗುತ್ತಾರೆ. ಸ್ಪಿನ್ ಗುಂಡಿ ಒತ್ತುವುದನ್ನೇ ಬಿಟ್ಟು ಒದ್ದೆ ಬಟ್ಟೆಯನ್ನು ಕೈಯಲ್ಲಿ ಹಿಂಡುತ್ತಾರೆ. ನಮ್ಮ ಉಡುಪಿ ಜಿಲ್ಲೆಗೆ ವರ್ಷಕ್ಕೆ 4000 ಮಿಲಿಮೀಟರ್‌ಗೂ ಮಿಕ್ಕಿ ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಆಟಿ ತಿಂಗಳಲ್ಲಿ ಕೈಯಲ್ಲಿ ಹಿಂಡಿದ ಬೈರಾಸು ಎರಡು ದಿನ ಹಗ್ಗದ ಮೇಲಿದ್ದರೂ ಮುಗ್ಗಲು ವಾಸನೆ ಬಿಡುವುದಿಲ್ಲ. ಒಗೆಯುವ ಕಲ್ಲು ಹಿತ್ತಿಲಲ್ಲಿ ಇನ್ನೂ ಉಂಟು, ಒಗೆದೇನು ಎಂದರೆ ಒಗೆಯಬಹುದು. ಆದರೆ ಮಳೆಗಾಲದಲ್ಲಿ ಬಟ್ಟೆಯ ನೀರು ತೆಗೆಯುವ ಕೆಲಸಕ್ಕೆ ನಮ್ಮ ಕಡೆ ಈ ಮಷಿನ್ ಬೇಕೇ ಬೇಕು. ಹಾಗಾಗಿ ಸ್ಪಿನ್ ಸರಿಯಿಲ್ಲದ ಮಷಿನ್ ಮನೆಯಲ್ಲಿದ್ದೂ ಇಲ್ಲದ ಲೆಕ್ಕ.

ಕುಣಿಯುವುದು ಯಾಕೆ ಎಂದು ಮೊದಲು ತಿಳಿದುಕೋ. ನೀನು ಇಂಜಿನಿಯರಿಂಗ್ ಓದಿದವನು, ಲೆಕ್ಕ ನಿನಗೇ ಗೊತ್ತಾಗುತ್ತದೆ. ಡ್ರಮ್‌ನ ತ್ರಿಜ್ಯ 24 ಸೆಂಟಿಮೀಟರ್ ಎಂದಿಟ್ಟುಕೋ, ನಿಮಿಷಕ್ಕೆ 1200 ಸುತ್ತು. ಒಂದು ಬದಿಯಲ್ಲಿ ಅರ್ಧ ಕಿಲೋ ಬಟ್ಟೆ ಹೆಚ್ಚು ಮುದ್ದೆಯಾಗಿ ಕೂತರೆ, ಅದು ಡ್ರಮ್ಮನ್ನು ಹೊರಕ್ಕೆ ಎಳೆಯುವ ಬಲ ಸುಮಾರು 190 ಕಿಲೋ ಭಾರದಷ್ಟಾಗುತ್ತದೆ. ಆ ಎಳೆತ ಸೆಕೆಂಡಿಗೆ 20 ಸಲ ಸುತ್ತಲೂ ದಿಕ್ಕು ಬದಲಿಸುತ್ತದೆ. ಮಷಿನ್‌ನ ಒಟ್ಟು ತೂಕವೇ 60–70 ಕಿಲೋ. ಅಕ್ಕನ ಎರಡು ಕೈಯಿಂದ ಇದನ್ನು ಹಿಡಿದು ನಿಲ್ಲಿಸಲು ಆಗುತ್ತದೆಯೇ? ಇನ್ನೊಂದು ಮಾತೂ ಈ ಲೆಕ್ಕದಲ್ಲೇ ಉಂಟು. ವೇಗ ಅರ್ಧಕ್ಕಿಳಿದರೆ ಬಲ ಕಾಲು ಭಾಗಕ್ಕಿಳಿಯುತ್ತದೆ. 1200ರ ಬದಲು 600ಕ್ಕೆ ಇಟ್ಟರೆ ಆ 190 ಕಿಲೋ 48ರ ಆಸುಪಾಸಿಗೆ ಬರುತ್ತದೆ. ಬಟ್ಟೆ ಸ್ವಲ್ಪ ಒದ್ದೆಯಾಗಿ ಬಂದೀತು, ಅಷ್ಟೇ. ರಿಪೇರಿ ಆಗುವವರೆಗೆ ಸ್ಪಿನ್ ವೇಗ ಇಳಿಸಿ ಬಳಸು ಎಂದು ಅಕ್ಕನಿಗೆ ಆ ಗುಂಡಿಯನ್ನು ತೋರಿಸಿಕೊಡು.

ಈಗ ಕಾಲಿನ ವಿಷಯ. ನನ್ನ ಅನುಭವದಲ್ಲಿ ಹೆಚ್ಚಿನ ಮಷಿನ್‌ಗಳ ತೊಂದರೆ ಇಲ್ಲೇ ಸಿಗುವುದು, ಸ್ಕ್ರೂ ಡ್ರೈವರ್ ಮುಟ್ಟುವ ಮೊದಲೇ. ನಮ್ಮ ಮನೆಗಳ ಹಿಂಬದಿ ಜಗಲಿ, ಬಚ್ಚಲ ಹತ್ತಿರದ ನೆಲ ಸಮತಟ್ಟಾಗಿರುವುದಿಲ್ಲ. ಮಳೆನೀರು, ತೊಳೆದ ನೀರು ಹೊರಗೆ ಹರಿಯಲಿ ಎಂದು ಮೇಸ್ತ್ರಿಗಳು ಬೇಕೆಂದೇ ಇಳಿಜಾರು ಕೊಟ್ಟಿರುತ್ತಾರೆ. ನೀರಿಗೆ ಅದು ಸರಿ, ಮಷಿನ್‌ಗೆ ಸರಿಯಲ್ಲ. ಪ್ಲಗ್ ಕಿತ್ತು ಪಕ್ಕಕ್ಕಿಡು. ಮಷಿನ್‌ನ ಎದುರಿನ ಎಡ ಮೂಲೆಯನ್ನು ಅಂಗೈಯಲ್ಲಿ ಒತ್ತು, ಆಮೇಲೆ ಹಿಂದಿನ ಬಲ ಮೂಲೆಯನ್ನು. ಹಾಗೆಯೇ ಉಳಿದ ಎರಡು. ಎಲ್ಲಿಯಾದರೂ ಟಕ್ ಎಂದು ಕೆಳಗಿಳಿದರೆ ಆ ಕಾಲು ನೆಲಕ್ಕೆ ತಾಗಿಲ್ಲ. ಮೇಲೆ ರಸಮಟ್ಟ ಇಟ್ಟು ಉದ್ದಕ್ಕೂ ಅಡ್ಡಕ್ಕೂ ನೋಡು. ಶಿರ್ವದಲ್ಲಿ ಯಾವ ಗಾರೆ ಮೇಸ್ತ್ರಿಯ ಹತ್ತಿರ ಕೇಳಿದರೂ ಒಂದು ಹೊತ್ತಿಗೆ ಕೊಡುತ್ತಾರೆ. ಮೊಬೈಲಿನಲ್ಲೂ ಅಂಥದ್ದು ಬರುತ್ತದೆ, ಆದರೆ ಕ್ಯಾಮೆರಾ ಉಬ್ಬಿದ ಮೊಬೈಲನ್ನು ಅಂಗಾತ ಇಟ್ಟರೆ ಅಳತೆ ತಪ್ಪುತ್ತದೆ, ನಾನು ಒಪ್ಪುವುದಿಲ್ಲ.

ಕಾಲು ತಿರುಪಿನ ಮೇಲೆ ನಿಂತಿರುತ್ತದೆ. ಅದರ ಮೇಲೊಂದು ಬಿಗಿ ನಟ್ಟು ಇರುತ್ತದೆ. ಸ್ಪ್ಯಾನರಿನಿಂದ ಆ ನಟ್ಟನ್ನು ಮೊದಲು ಸಡಿಲಿಸಬೇಕು, ಕಾಲನ್ನು ತಿರುಗಿಸಿ ಎತ್ತರ ಸರಿ ಮಾಡಬೇಕು, ಆಮೇಲೆ ನಟ್ಟನ್ನು ಮಷಿನ್‌ನ ತಳಕ್ಕೆ ತಾಗುವಂತೆ ಪುನಃ ಬಿಗಿಯಬೇಕು. ಬಹಳ ಜನ ಈ ಕೊನೆಯ ಕೆಲಸ ಮಾಡುವುದಿಲ್ಲ. ಬಿಗಿಯದೆ ಬಿಟ್ಟ ಕಾಲು ಅದುರಿ ಅದುರಿ ತಾನೇ ತಿರುಗಿಕೊಂಡು, ಸ್ವಲ್ಪ ದಿನದಲ್ಲಿ ಪುನಃ ಮೊದಲಿನ ಹಾಗೆಯೇ ಆಗುತ್ತದೆ. ಕಾಲು ಎಷ್ಟು ಗಿಡ್ಡವಿದ್ದರೆ ಅಷ್ಟು ಗಟ್ಟಿ, ಆದ್ದರಿಂದ ನಾಲ್ಕನ್ನೂ ಉದ್ದ ಮಾಡಬೇಡ, ತಗ್ಗಿರುವ ಬದಿಯದನ್ನಷ್ಟೇ ಎತ್ತರಿಸು. ಕೆಲವು ಟಾಪ್ ಲೋಡ್‌ಗಳಲ್ಲಿ ತಿರುಗುವುದು ಒಂದೇ ಕಾಲು. ಅಲ್ಲಿ ನೆಲವನ್ನೇ ಸರಿ ಮಾಡಬೇಕಾಗುತ್ತದೆ. ರಟ್ಟು ಮಡಚಿ ತುರುಕುವುದು, ಹಲಗೆ ತುಂಡು ಇಡುವುದು ಬೇಡ. ಒದ್ದೆಯಾಗಿ ಕುಸಿಯುತ್ತದೆ. ಅಷ್ಟು ಜಾಗಕ್ಕೆ ಮೇಸ್ತ್ರಿಯಿಂದ ಕಾಂಕ್ರೀಟಿನ ಒಂದು ಸಮತಟ್ಟು ಕಟ್ಟೆ ಹಾಕಿಸು. ಅರ್ಧ ದಿನದ ಕೆಲಸ. ಇಳಿಜಾರಿನ ನೀರು ಪಕ್ಕದಿಂದ ಹೋಗಲಿ.

ಇನ್ನು ಚಕ್ರದ ಸ್ಟ್ಯಾಂಡು. ನಿಮ್ಮ ಮನೆಯಲ್ಲೂ ಅದೇ ಉಂಟು. ಗುಡಿಸಲು ಸುಲಭ, ಒದ್ದೆ ತಾಗುವುದಿಲ್ಲ ಎಂದು ಅಂಗಡಿಯವರು ಜೊತೆಗೇ ಮಾರುತ್ತಾರೆ. ಎತ್ತರಿಸಿದಷ್ಟೂ ಅದುರು ಹೆಚ್ಚು, ಚಕ್ರವಿದ್ದರಂತೂ ಕೇಳುವುದೇ ಬೇಡ. ತೆಗೆದುಬಿಡು. ಎತ್ತರ ಬೇಕೆಂದರೆ ಆ ಕಾಂಕ್ರೀಟು ಕಟ್ಟೆಯೇ ನಾಲ್ಕು ಇಂಚು ಎತ್ತರವಿರಲಿ. ಇದರಲ್ಲಿ ನನ್ನದು ಎರಡು ಮಾತಿಲ್ಲ.

ಹೊಸ ಮಷಿನ್ ತಂದ ದಿನದಿಂದಲೇ ಕುಣಿಯುತ್ತದೆ ಎಂದಾದರೆ, ಅದೂ ಫ್ರಂಟ್ ಲೋಡ್ ಆದರೆ, ಹಿಂಬದಿಗೆ ಟಾರ್ಚ್ ಹಾಕಿ ನೋಡು. ಸಾಗಾಟದಲ್ಲಿ ಡ್ರಮ್ ಹೊಯ್ದಾಡಬಾರದೆಂದು ಕಾರ್ಖಾನೆಯಲ್ಲಿ ಮೂರೋ ನಾಲ್ಕೋ ಉದ್ದ ಬೋಲ್ಟು ಹಾಕಿ ಬಿಗಿದಿರುತ್ತಾರೆ. ಮನೆಗೆ ಬಂದ ಮೇಲೆ ಅದನ್ನು ತೆಗೆಯಲೇಬೇಕು. ತೆಗೆಯದಿದ್ದರೆ ಸ್ಪ್ರಿಂಗಿನ ಮೇಲೆ ತೇಲಬೇಕಾದ ಡ್ರಮ್ ಪೆಟ್ಟಿಗೆಗೆ ಕಚ್ಚಿಕೊಂಡೇ ತಿರುಗುತ್ತದೆ, ಅದರ ಹೊಡೆತವೆಲ್ಲ ನೆಲಕ್ಕೆ. ಬೋಲ್ಟು ತೆಗೆದ ತೂತಿಗೆ ಜೊತೆಗೆ ಬಂದ ಪ್ಲಾಸ್ಟಿಕ್ ಮುಚ್ಚಳ ಹಾಕು. ಬೋಲ್ಟನ್ನು ಬಿಸಾಡಬೇಡ, ಮನೆ ಬದಲಾಯಿಸುವಾಗ ಬೇಕು.

ಕಾಲು ಸರಿಯಾದ ಮೇಲೂ ಕುಣಿದರೆ ಬಟ್ಟೆ ನೋಡು. ಒಂದೇ ಬೆಡ್‌ಶೀಟು, ಒಂದೇ ಜೀನ್ಸು, ಬಾಗಿಲ ಮುಂದಿನ ಒಂದೇ ಮ್ಯಾಟು ಹಾಕಿ ತಿರುಗಿಸಿದರೆ ಅದು ಒಂದು ಬದಿಗೇ ಅಂಟುತ್ತದೆ. ಕಡಿಮೆ ಬಟ್ಟೆ ಹಾಕಿದರೆ ಮಷಿನ್‌ಗೆ ಸುಖ ಎಂದು ನಮ್ಮ ಹೆಂಗಸರು ತಿಳಿದಿದ್ದಾರೆ, ಹಾಗಲ್ಲ. ಭಾರದ ಬಟ್ಟೆ ಒಂದಕ್ಕೆ ಜೊತೆಯಾಗಿ ಮತ್ತೆ ಎರಡು ಮೂರು ಇರಬೇಕು. ಹಾಗೆಂದು ಬಾಯಿವರೆಗೆ ತುರುಕುವುದೂ ಬೇಡ, ಡ್ರಮ್‌ನ ಮೂರನೇ ಎರಡು ಭಾಗ ಸಡಿಲವಾಗಿ ತುಂಬಿದರೆ ಸಾಕು. ಸೀರೆಗಳು ಒಂದಕ್ಕೊಂದು ಹೆಣೆದುಕೊಂಡು ಹಗ್ಗವಾಗುತ್ತವೆ, ಅವಕ್ಕೆ ಬಲೆಯ ಚೀಲ ತಂದುಕೊಡು. ಎರಡು ತೊಟ್ಟಿಯ ಸೆಮಿ ಆಟೊಮ್ಯಾಟಿಕ್ ಇರುವ ಮನೆಯಲ್ಲಾದರೆ ಸ್ಪಿನ್ ತೊಟ್ಟಿಗೆ ಬಟ್ಟೆಯನ್ನು ಸುತ್ತಲೂ ಸಮನಾಗಿ ಒತ್ತಿಟ್ಟು, ಅದರ ಮೇಲೆ ತೂತಿನ ಪ್ಲಾಸ್ಟಿಕ್ ಬಿಲ್ಲೆ ಇಟ್ಟೇ ತಿರುಗಿಸಬೇಕು. ಆ ಬಿಲ್ಲೆ ಕಳೆದುಹೋದ ಮನೆಗಳೇ ಹೆಚ್ಚು.

ಒಂದು ವಿಷಯದಲ್ಲಿ ಮಾತ್ರ ಅಕ್ಕನಿಗೆ ಖಡಾಖಂಡಿತ ಹೇಳು. ಮಳೆಗಾಲ ಬಂತೆಂದರೆ ರೈನ್‌ಕೋಟು, ಸ್ಕೂಟರಿನ ಕವರು, ಮೇಜಿಗೆ ಹಾಸುವ ರೆಕ್ಸಿನ್ನು ಎಲ್ಲ ಮಷಿನ್‌ಗೆ ಹಾಕುತ್ತಾರೆ. ನೀರು ದಾಟದ ಬಟ್ಟೆ ಅದು. ಒಳಗೆ ನೀರು ಕಟ್ಟಿಕೊಂಡು ಚೀಲದ ಹಾಗೆ ಒಂದು ಬದಿಗೆ ಕೂರುತ್ತದೆ, ವೇಗ ಏರಿದ ಮೇಲೆ ಒಮ್ಮೆಗೇ ಜಾರುತ್ತದೆ. ಆಗ ಮಷಿನ್ ಮಗುಚಬಹುದು, ಮುಚ್ಚಳ ಹಾರಬಹುದು. 2016ರ ನವೆಂಬರಿನಲ್ಲಿ ಅಮೆರಿಕದಲ್ಲಿ ಸ್ಯಾಮ್‌ಸಂಗ್ ಕಂಪನಿ ಸುಮಾರು 28 ಲಕ್ಷ ಟಾಪ್ ಲೋಡ್ ಮಷಿನ್‌ಗಳನ್ನು ಹಿಂದಕ್ಕೆ ಕರೆಯಿತು. ಸ್ಪಿನ್ ಹೊತ್ತಿಗೆ ವಿಪರೀತ ಅದುರಿ ಮೇಲ್ಭಾಗವೇ ಕಳಚುವ ಅಪಾಯವಿತ್ತು, ಕೆಲವರಿಗೆ ಪೆಟ್ಟೂ ಆಗಿತ್ತು. ಹಾಸಿಗೆ ಬಟ್ಟೆ, ದಪ್ಪ ಬಟ್ಟೆ, ನೀರು ದಾಟದ ಬಟ್ಟೆಗಳಿಗೆ ನಿಧಾನದ ಸುತ್ತನ್ನೇ ಬಳಸಿ ಎಂದು ಆಗ ಜನರಿಗೆ ಹೇಳಿದ್ದರು. ರೈನ್‌ಕೋಟಿಗೆ ಬಾವಿಕಟ್ಟೆಯ ಹತ್ತಿರ ಎರಡು ಕೊಡ ನೀರು ಸಾಕು.

ಕಾಲೂ ಸರಿ, ಬಟ್ಟೆಯೂ ಸರಿ, ಆದರೂ ಸದ್ದು ಎಂದರೆ ಈಗ ಕಿವಿಗೆ ಕೆಲಸ. ನಾನು ಮುಂಬಯಿಯಲ್ಲಿ ಫಿಟ್ಟರ್ ಆಗಿ ದುಡಿದವನು. ಅಲ್ಲಿ ಹಿರಿಯರು ಮೊದಲು ಕಲಿಸಿದ್ದು ಇದನ್ನೇ: ಯಾವ ಸದ್ದು ಎಂದು ಕೇಳುವ ಮೊದಲು ಯಾವಾಗ ಸದ್ದು ಎಂದು ಕೇಳು. ಒಗೆಯುವಾಗಲೋ, ನೀರು ಹೊರಗೆ ಹಾಕುವಾಗಲೋ, ಸ್ಪಿನ್ ಹೊತ್ತಿಗೋ. ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ನೀರು ಹೊರಗೆ ಹಾಕುವಾಗ ಮಾತ್ರ ಗರಗರ ಎಂದರೆ ಪಂಪಿನಲ್ಲಿ ಏನೋ ಸಿಕ್ಕಿದೆ. ಫ್ರಂಟ್ ಲೋಡಿನ ಎದುರಲ್ಲಿ ಕೆಳಗೆ, ಹೆಚ್ಚಾಗಿ ಬಲ ಮೂಲೆಯಲ್ಲಿ, ಒಂದು ಚಿಕ್ಕ ಬಾಗಿಲು ಉಂಟು. ತಟ್ಟೆ, ಹಳೆ ಬಟ್ಟೆ ಕೆಳಗಿಟ್ಟು ಅದರೊಳಗಿನ ಫಿಲ್ಟರನ್ನು ಮೆಲ್ಲ ತಿರುಗಿಸು, ನಿಂತ ನೀರು ಬರುತ್ತದೆ. ಬಿಸಿ ನೀರಿನಲ್ಲಿ ಒಗೆದಿದ್ದರೆ ಆರುವವರೆಗೆ ಕಾಯಬೇಕು. ಪಕ್ಕದ ಮನೆಯದ್ದನ್ನು ಬಿಚ್ಚಿದಾಗ ಬಂದದ್ದು ಇಷ್ಟು: ಬಳಪದ ಚೂರು, ಸೇಫ್ಟಿ ಪಿನ್ನು, ಒಂದು ರೂಪಾಯಿಯ ನಾಣ್ಯ, ಅಂಗಿ ಗುಂಡಿ, ಜೇಬಿನಲ್ಲೇ ಉಳಿದ ಅಡಿಕೆ ಹೋಳು, ಇವನ್ನೆಲ್ಲ ಸುತ್ತಿಕೊಂಡ ತಲೆಕೂದಲಿನ ಉಂಡೆ. ತೊಳೆದು, ರಬ್ಬರಿಗೆ ಅಂಟಿದ ಕೊಳೆ ಒರಸಿ, ಓರೆಯಾಗದಂತೆ ತಿರುಗಿಸಿ ಹಾಕಿದೆವು. ಸದ್ದು ಹೋಯಿತು. ತಿಂಗಳಿಗೊಮ್ಮೆ ಇದನ್ನು ಮಾಡಬೇಕು. ಅಕ್ಕನಿಗೆ ಬಗ್ಗಲು ಕಷ್ಟ, ಬರುವ ಕೆಲಸದವಳಿಗೆ ನೀನೇ ನಿಂತು ತೋರಿಸಿಕೊಡು.

ಡ್ರಮ್ ಮೆಲ್ಲನೆ ತಿರುಗುವಾಗಲೂ ಕಿಣಿಕಿಣಿ ಎಂದರೆ ಡ್ರಮ್ಮಿಗೂ ಹೊರಗಿನ ತೊಟ್ಟಿಗೂ ನಡುವೆ ಪಿನ್ನೋ ನಾಣ್ಯವೋ ಇಳಿದಿರುತ್ತದೆ. ಬಾಗಿಲ ರಬ್ಬರಿನ ಮಡಿಕೆಯಲ್ಲಿ ಮೊದಲು ಬೆರಳು ಹಾಕಿ ಹುಡುಕು. ಅಲ್ಲಿ ಸಿಗದಿದ್ದರೆ ತಂತ್ರಜ್ಞರನ್ನು ಕರೆಸು, ಹಾಗೆಯೇ ಓಡಿಸಿದರೆ ತೊಟ್ಟಿ ಹರಿದೀತು.

ಸ್ಪಿನ್ ಶುರುವಾಗುವಾಗ ದಡಬಡ ಎಂದು ಡ್ರಮ್ ಪೆಟ್ಟಿಗೆಗೆ ಬಡಿದರೆ ಅದನ್ನು ತೂಗಿ ಹಿಡಿದಿರುವ ಭಾಗಗಳು ಸೋತಿವೆ. ಟಾಪ್ ಲೋಡ್‌ನಲ್ಲಿ ನಾಲ್ಕು ಮೂಲೆಯಿಂದ ನಾಲ್ಕು ಸಸ್ಪೆನ್ಷನ್ ರಾಡು ತೊಟ್ಟಿಯನ್ನು ತೂಗಿ ಹಿಡಿದಿರುತ್ತವೆ. ಫ್ರಂಟ್ ಲೋಡ್‌ನಲ್ಲಿ ಮೇಲೆ ಸ್ಪ್ರಿಂಗು, ಕೆಳಗೆ ಶಾಕ್ ಅಬ್ಸಾರ್ಬರು. ಪ್ಲಗ್ ಕಿತ್ತು, ಖಾಲಿ ತೊಟ್ಟಿಯನ್ನು ಕೆಳಕ್ಕೆ ಒತ್ತಿ ಕೈ ಬಿಡು. ಒಮ್ಮೆ ಮೇಲೆ ಬಂದು ನಿಂತರೆ ಸರಿ. ಪುಟಿಯುತ್ತಲೇ ಇದ್ದರೆ, ಇಲ್ಲವೇ ಒಂದು ಬದಿಗೆ ಓಲಿ ನಿಂತರೆ ಬದಲಿಸುವ ಕಾಲ ಬಂತು. ಟಾಪ್ ಲೋಡಿನ ರಾಡನ್ನು ಕೈಯಲ್ಲಿ ಚುರುಕಿರುವವನು ಮನೆಯಲ್ಲೇ ಹಾಕಬಹುದು. ಮೇಲಿನ ಹೊದಿಕೆ ಎತ್ತಿ ಕಟ್ಟಿ, ಒಬ್ಬರು ತೊಟ್ಟಿಯನ್ನು ಎತ್ತಿ ಹಿಡಿದರೆ ಇನ್ನೊಬ್ಬರು ರಾಡು ಕಳಚುವುದು. ಮಾಡೆಲ್ ನಂಬರ್ ನೋಡಿಯೇ ತರಬೇಕು, ನಾಲ್ಕನ್ನೂ ಒಟ್ಟಿಗೇ ಬದಲಿಸಬೇಕು. ಮೂರು ಹಳತು ಒಂದು ಹೊಸತು ಹಾಕಿದರೆ ತೊಟ್ಟಿ ಓರೆಯಾಗಿಯೇ ತೂಗುತ್ತದೆ.

ಇಲಿಯ ವಿಷಯ ಮರೆಯಬಾರದು. ನಮ್ಮ ಮನೆಗಳ ಒಂದು ಬದಿ ಗದ್ದೆ, ಇನ್ನೊಂದು ಬದಿ ತೋಟ. ತಳ ತೆರೆದಿರುವ ಮಷಿನ್‌ನೊಳಗೆ ಇಲಿ ಹೊಕ್ಕು ವಯರು ಕಡಿಯುತ್ತದೆ, ಬೆಲ್ಟು ಕಡಿಯುತ್ತದೆ, ನೀರು ಹೋಗುವ ಪೈಪನ್ನೂ ಕಡಿಯುತ್ತದೆ. ಕಚ್ಚಿ ಅರ್ಧವಾದ ಬೆಲ್ಟು ಪಟಪಟ ಹೊಡೆದುಕೊಳ್ಳುತ್ತದೆ. ತಳಕ್ಕೆ ಹಾಕುವ ತಡೆ ತಗಡು ಅಂಗಡಿಯಲ್ಲಿ ಸಿಗುತ್ತದೆ, ಹಾಕಿಸು. ಇಲಿ ಕಡಿದ ವಯರಿಗೆ ಟೇಪು ಸುತ್ತಿ ನೀನೇ ಚಾಲೂ ಮಾಡಬೇಡ.

ಕೊನೆಯದ್ದು ಬೇರಿಂಗು. ಸ್ಪಿನ್ ವೇಗ ಏರಿದಂತೆಲ್ಲ ವಿಮಾನ ಓಡುವ ಹಾಗೆ ಸದ್ದೂ ಏರಿದರೆ, ಪ್ಲಗ್ ಕಿತ್ತ ಖಾಲಿ ಡ್ರಮ್ಮನ್ನು ಕೈಯಲ್ಲಿ ತಿರುಗಿಸುವಾಗಲೂ ಮರಳು ಅರೆದಂತೆ ಕೇಳಿದರೆ, ಡ್ರಮ್‌ನ ಅಂಚು ಹಿಡಿದು ಮೇಲಕ್ಕೆತ್ತಿದಾಗ ಕಟಕಟ ಆಡಿದರೆ, ಬೇರಿಂಗ್ ಹೋಗಿದೆ. ಹಿಂದುಗಡೆ ತುಕ್ಕುನೀರು ಇಳಿದ ಗೆರೆ ಕಂಡರೆ ಅದರ ಮುಂದಿನ ಆಯಿಲ್ ಸೀಲ್ ಮೊದಲೇ ಸೋತು, ಸಾಬೂನು ನೀರು ಬೇರಿಂಗಿಗೆ ಇಳಿದಿದೆ ಎಂದರ್ಥ. ಈ ಕೆಲಸ ಮನೆಯಲ್ಲಿ ಬೇಡ. ಇಡೀ ಮಷಿನ್ ಬಿಚ್ಚಬೇಕು, ಸಿಮೆಂಟಿನ ಭಾರದ ಕಟ್ಟು ಇಳಿಸಬೇಕು. ಈಗ ಎಷ್ಟೋ ಫ್ರಂಟ್ ಲೋಡ್‌ಗಳ ತೊಟ್ಟಿಯನ್ನು ಬಿಚ್ಚಲಾಗದಂತೆ ಬೆಸೆದುಬಿಡುತ್ತಾರೆ. ಒಳಗಿನ ಒಂದು ಬೇರಿಂಗಿಗಾಗಿ ಇಡೀ ತೊಟ್ಟಿಯ ಬೆಲೆ ಕೊಡಬೇಕು. ದುಡಿದು ತಂದ ಸಾಮಾನನ್ನು ರಿಪೇರಿ ಮಾಡದಂತೆ ಕಟ್ಟುವುದು ನನ್ನ ಮಟ್ಟಿಗೆ ದೊಡ್ಡ ಅನ್ಯಾಯ. ಮುಂದೆ ಯಾವಾಗಲಾದರೂ ಮಷಿನ್ ಕೊಳ್ಳುವಾಗ ಬಣ್ಣ, ಗುಂಡಿ ಎಣಿಸಬೇಡ, ತೊಟ್ಟಿ ಬಿಚ್ಚಬಹುದೋ ಇಲ್ಲವೋ ಎಂದು ಕೇಳು.

ಕೈ ಎಲ್ಲಿ ನಿಲ್ಲಬೇಕು ಎನ್ನುವುದೂ ವಿದ್ಯೆಯೇ. ಪ್ಲಗ್ ಕಿತ್ತ ಮೇಲೂ ಮೋಟರಿನ ಕೆಪಾಸಿಟರಿನಲ್ಲಿ ಕರೆಂಟು ಉಳಿದಿರುತ್ತದೆ, ಅದನ್ನು ಮುಟ್ಟಬಾರದು. ಮಷಿನ್ ಮುಟ್ಟಿದಾಗ ಜುಮ್ಮೆಂದರೆ ರಿಪೇರಿಯ ಮಾತು ಬಿಟ್ಟು ಅದೇ ದಿನ ಎಲೆಕ್ಟ್ರಿಷಿಯನ್ನನ್ನು ಕರೆಸಿ ಅರ್ಥಿಂಗ್ ನೋಡಿಸು. ಮೂರು ಕಾಲಿನ 16 ಆಂಪಿಯರ್ ಸಾಕೆಟ್ ಇರಬೇಕು. ಎರಡು ಕಾಲಿನ ಎಕ್ಸ್‌ಟೆನ್ಷನ್ ಬೋರ್ಡಿನಿಂದ ಎಳೆದದ್ದು ಕಂಡರೆ ಕಿತ್ತು ಬಿಸಾಡು. 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಇಲ್ಲದಿದ್ದರೆ ಹಾಕಿಸು, ಅದು ಮುದುಕರ ಜೀವ ಉಳಿಸುವ ಸಾಮಾನು. ಬೇಸಿಗೆ ಕೊನೆಯ ಗುಡುಗಿಗೆ, ಅಕ್ಟೋಬರಿನ ಗುಡುಗಿಗೆ ಪ್ಲಗ್ ಕೀಳುವ ಅಭ್ಯಾಸ ನಮ್ಮೂರಲ್ಲಿ ಟಿವಿಗೆ ಉಂಟು, ಮಷಿನ್‌ಗೂ ಇರಲಿ. ವಾರಂಟಿ ಇರುವಾಗ ಆ ಸಾಗಾಟದ ಬೋಲ್ಟು ಬಿಟ್ಟರೆ ಒಂದು ಸ್ಕ್ರೂ ಕೂಡ ಬಿಚ್ಚಬೇಡ, ಕಂಪನಿಯವರಿಂದಲೇ ಮಾಡಿಸು. ಅವರು ಸತಾಯಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಉಂಟು. ರಿಪೇರಿ ಗ್ರಾಹಕರ ಹಕ್ಕು ಎಂದು ಕೇಂದ್ರ ಸರಕಾರ 2022ರ ಡಿಸೆಂಬರ್ 24ರಂದು ಪೋರ್ಟಲ್ ಒಂದನ್ನು ಶುರು ಮಾಡಿದೆ, ಬಿಡಿಭಾಗ, ವಾರಂಟಿಯ ಮಾಹಿತಿಯನ್ನು ಕಂಪನಿಗಳು ಅಲ್ಲಿ ಕೊಡುತ್ತವೆ.

ರಿಪೇರಿಗೆ ಬಂದ ಹುಡುಗನಿಗೆ ಮರ್ಯಾದೆ ಕೊಡು. ಮೊದಲು ಕೂಲಿ ಕೇಳಿಕೋ, ತೆಗೆದ ಹಳೆ ಭಾಗ ನೋಡಿಕೋ, ಆಮೇಲೆ ಚೌಕಾಸಿ ಮಾಡಬೇಡ. ಅವನು ಕಾರ್ಕಳದಿಂದಲೋ ಮಣಿಪಾಲದಿಂದಲೋ ಮಳೆಯಲ್ಲಿ ಬೈಕಿನಲ್ಲಿ ಬಂದಿರುತ್ತಾನೆ. ನಿನ್ನ ಜೊತೆಯ ಹುಡುಗರಲ್ಲಿ ಡಿಗ್ರಿ ಹಿಡಿದು ಮನೆಯಲ್ಲಿ ಕೂತವರುಂಟಲ್ಲ, ಅವರಿಗೆ ಬ್ರಹ್ಮಾವರದ ರುಡ್‌ಸೆಟ್ ಸಂಸ್ಥೆಯ ವಿಷಯ ಹೇಳು. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರು, ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳು ಸೇರಿ ಶುರು ಮಾಡಿದ ಸಂಸ್ಥೆಯ ಶಾಖೆ ಅದು. ಊಟ, ವಸತಿ ಕೊಟ್ಟು ಸ್ವಂತ ಉದ್ಯೋಗಕ್ಕೆ ಬೇಕಾದ ಕೆಲಸಗಳನ್ನು ಉಚಿತವಾಗಿ ಕಲಿಸುತ್ತಾರೆ. ಮನೆ ತುಂಬ ಮಷಿನ್ ಇರುವ, ರಿಪೇರಿಗೆ ಕೈಗಳೇ ಸಿಗದ ಊರು ನಮ್ಮದು. ಇಲ್ಲಿ ಈ ಕೆಲಸ ಕಲಿತವನು ಉಪವಾಸ ಬೀಳುವುದಿಲ್ಲ.

ವಾಪಸು ಹೊರಡುವ ಮೊದಲು ಅಕ್ಕನೇ ಬಟ್ಟೆ ಹಾಕಿ ಚಾಲೂ ಮಾಡಲಿ, ನೀನು ಪಕ್ಕದಲ್ಲಿ ನಿಲ್ಲು. ಮಷಿನ್ ಕುಣಿದರೆ ಹಿಡಿಯಬಾರದು, ದೂರದ ಸ್ವಿಚ್ ಆರಿಸಬೇಕು, ಡ್ರಮ್ ಪೂರ್ತಿ ನಿಂತ ಮೇಲೆ ಬಟ್ಟೆ ಬಿಡಿಸಿ ಹಾಕಬೇಕು. ಇದನ್ನು ಅವಳ ಕೈಯಿಂದಲೇ ಒಮ್ಮೆ ಮಾಡಿಸು, ಬಾಯಲ್ಲಿ ಹೇಳಿದರೆ ಮರೆಯುತ್ತಾಳೆ. ಒಗೆದಾದ ಮೇಲೆ ಬಾಗಿಲು ತೆರೆದಿಡಲು ಹೇಳು. ಮಾಡೆಲ್ ನಂಬರ್, ಕೊಂಡ ತಾರೀಕು, ರಿಪೇರಿಯವನ ಫೋನ್ ನಂಬರ್ ಮೂರನ್ನೂ ದೊಡ್ಡ ಅಕ್ಷರದಲ್ಲಿ ಬರೆದು ಮಷಿನ್‌ನ ಬದಿಗೆ ಅಂಟಿಸು. ಅದರದ್ದೊಂದು ಫೋಟೊ ನನಗೂ ಕಳಿಸು. ನೀನು ದೂರ ಇರುವೆ, ನಾನು ಇಲ್ಲೇ ಇದ್ದೇನೆ.